ಕರೆಂಟಿಗೂ ಒಂದು ಕಾವಲು



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಹಲಗೆಯ ಮೇಲೆ 'ಬೆಳಕು' ಎಂದು ಬರೆದೆವು. ಆಗಲೇ ದೀಪ ಹೋಯಿತು. ಎಲ್ಲರೂ ನಕ್ಕರು. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕರೆಂಟು ಹೋದರೆ ಕುಡಿಯುವ ನೀರಿನ ಮೋಟಾರು ನಿಲ್ಲುತ್ತದೆ. ಹಿಟ್ಟಿನ ಗಿರಣಿ ನಿಲ್ಲುತ್ತದೆ. ಮಕ್ಕಳ ಓದು ನಿಲ್ಲುತ್ತದೆ.

ಕತ್ತಲಲ್ಲಿ ಒಬ್ಬರು ಕೇಳಿದರು: "ಈ ಕರೆಂಟು ಎಲ್ಲಿಂದ ಬರುತ್ತೆ? ಯಾಕೆ ಹೋಗುತ್ತೆ? ಇದನ್ನ ಕೇಳೋರು ಯಾರೂ ಇಲ್ವಾ?"

ಕೇಳುವವರು ಇದ್ದಾರೆ. ಅದಕ್ಕೆ ಕಾನೂನೂ ಇದೆ. ಬನ್ನಿ, ತಿಳಿಯೋಣ.

ಗಾಣದ ಹಾಗೆ

ಶರಾವತಿಯಲ್ಲಿ ನೀರಿನ ಬಲದಿಂದ ಕರೆಂಟು ಹುಟ್ಟುತ್ತದೆ. ರಾಯಚೂರಿನಲ್ಲಿ ಕಲ್ಲಿದ್ದಲಿನಿಂದ ಹುಟ್ಟುತ್ತದೆ. ಕೈಗಾದಲ್ಲಿ ಅಣುಶಕ್ತಿಯಿಂದ ಹುಟ್ಟುತ್ತದೆ. ಇದೆಲ್ಲ ಒಂದೇ ದೊಡ್ಡ ತಂತಿಯ ಜಾಲಕ್ಕೆ ಸೇರುತ್ತದೆ. ಈ ಜಾಲಕ್ಕೆ ಗ್ರಿಡ್ ಎಂದು ಹೆಸರು.

ಎತ್ತು ಕಟ್ಟಿದ ಕಬ್ಬಿನ ಗಾಣ ನಿಮಗೆ ಗೊತ್ತು. ಒಂದು ಜಲ್ಲೆ ಕೊಟ್ಟರೆ ಗಾಣ ಸಲೀಸಾಗಿ ತಿರುಗುತ್ತೆ. ಒಮ್ಮೆಗೇ ಐದು ಜಲ್ಲೆ ತುರುಕಿದರೆ? ಎತ್ತು ತಿಣುಕುತ್ತೆ. ಗಾಣ ನಿಧಾನ ಆಗುತ್ತೆ.

ಕರೆಂಟು ಹುಟ್ಟಿಸುವ ದೊಡ್ಡ ಯಂತ್ರಗಳೂ ಹೀಗೆಯೇ. ನಾವು ಬಳಸುವ ಕರೆಂಟೇ ಅವುಗಳ ಹೊರೆ. ಬಳಕೆ ಹೆಚ್ಚಿದರೆ ಯಂತ್ರದ ವೇಗ ಇಳಿಯುತ್ತದೆ. ಬಳಕೆ ಇಳಿದರೆ ವೇಗ ಏರುತ್ತದೆ. ನಮ್ಮ ದೇಶದಲ್ಲಿ ಕರೆಂಟು ಒಂದು ಸೆಕೆಂಡಿಗೆ 50 ಸಲ ಮಿಡಿಯಬೇಕು. ಈ ಮಿಡಿತ 49.90ಕ್ಕಿಂತ ಇಳಿಯಬಾರದು, 50.05ನ್ನು ಮೀರಬಾರದು. ಹೀಗೆಂದು ನಿಯಮ ಇದೆ.

ಕಾವಲು ಯಾರದು?

ಈ ಮಿಡಿತವನ್ನು ಹಗಲೂ ರಾತ್ರಿ ನೋಡುವ ಕೇಂದ್ರಗಳಿವೆ. ಅವಕ್ಕೆ ಲೋಡ್ ಡಿಸ್ಪ್ಯಾಚ್ ಕೇಂದ್ರ ಎನ್ನುತ್ತಾರೆ. ಲೋಡು ಅಂದರೆ ಹೊರೆ. ನಮ್ಮ ರಾಜ್ಯದ ಕೇಂದ್ರ ಬೆಂಗಳೂರಿನಲ್ಲಿದೆ. ದಕ್ಷಿಣ ಭಾರತದ ಕೇಂದ್ರವೂ ಅಲ್ಲೇ ಇದೆ. ಇಡೀ ದೇಶದ ಕೇಂದ್ರ ದೆಹಲಿಯಲ್ಲಿದೆ.

ನಿಯಮ ಮಾಡಲು ಆಯೋಗಗಳಿವೆ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 1998ರಲ್ಲಿ ಆಯಿತು. ಕರ್ನಾಟಕದ ಆಯೋಗ 1999ರಲ್ಲಿ ಆಯಿತು. 2003ರಲ್ಲಿ ದೇಶಕ್ಕೆಲ್ಲ ಒಂದು ವಿದ್ಯುಚ್ಛಕ್ತಿ ಕಾಯ್ದೆ ಬಂತು. ಲೋಡ್ ಡಿಸ್ಪ್ಯಾಚ್ ಕೇಂದ್ರ "ಹೊರೆ ಇಳಿಸಿ" ಎಂದರೆ ಇಳಿಸಲೇಬೇಕು. ರಾಜ್ಯದ ಕೇಂದ್ರದ ಮಾತು ಮೀರಿದರೆ 5 ಲಕ್ಷ ರೂಪಾಯಿವರೆಗೆ ದಂಡ. ದಕ್ಷಿಣ ಭಾರತದಂಥ ದೊಡ್ಡ ಕೇಂದ್ರದ ಮಾತು ಮೀರಿದರೆ 15 ಲಕ್ಷ ರೂಪಾಯಿವರೆಗೆ ದಂಡ.

ಮಾತು ಕೇಳದಿದ್ದರೆ ಏನಾಯಿತು?

ಹತ್ತು ಜನ ಒಂದು ತೊಲೆ ಹೊತ್ತಿದ್ದಾರೆ ಎನ್ನಿ. ಒಬ್ಬರು ಕುಸಿದರೆ ಆ ಭಾರ ಉಳಿದವರ ಹೆಗಲಿಗೆ ಬೀಳುತ್ತೆ. ಆಮೇಲೆ ಇನ್ನೊಬ್ಬರು ಕುಸಿಯುತ್ತಾರೆ. ಕಡೆಗೆ ತೊಲೆಯೇ ನೆಲಕ್ಕೆ.

2012ರ ಜುಲೈ ತಿಂಗಳಲ್ಲಿ ಉತ್ತರ ಭಾರತದಲ್ಲಿ ಹೀಗೇ ಆಯಿತು. ಮಳೆ ಕಡಿಮೆ ಇತ್ತು. ಹೊಲಗಳಲ್ಲಿ ಪಂಪುಗಳು ಓಡುತ್ತಿದ್ದವು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಕರೆಂಟು ಎಳೆದವು. "ಕಡಿಮೆ ಮಾಡಿ" ಎಂದು ಕೇಂದ್ರದಿಂದ ಸೂಚನೆ ಹೋಯಿತು. ಸಾಕಷ್ಟು ಕಡಿಮೆ ಆಗಲಿಲ್ಲ. ಮಧ್ಯ ಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ ದೊಡ್ಡ ಲೈನು ಹೊರೆ ತಾಳದೆ ಕಡಿದುಕೊಂಡಿತು. ಅದರ ಭಾರ ಬೇರೆ ಲೈನುಗಳ ಮೇಲೆ ಬಿತ್ತು. ಅವೂ ಒಂದೊಂದಾಗಿ ನಿಂತವು.

ಜುಲೈ 30ರ ನಡುರಾತ್ರಿ ಕಳೆದ ಮೇಲೆ ಉತ್ತರದ ರಾಜ್ಯಗಳು ಕತ್ತಲಾದವು. ಮರುದಿನ, ಜುಲೈ 31ರ ಮಧ್ಯಾಹ್ನ, ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್‌ಗಳು ಬಿದ್ದವು. ಸುಮಾರು 60 ಕೋಟಿ ಜನ ಇರುವ ನಾಡಿಗೆ ಕರೆಂಟು ಇರಲಿಲ್ಲ. ರೈಲುಗಳು ನಿಂತಲ್ಲೇ ನಿಂತವು. ಪಶ್ಚಿಮ ಬಂಗಾಳದಲ್ಲಿ ಗಣಿಗೆ ಇಳಿದ ಕೂಲಿಗಳು ನೆಲದ ಒಳಗೇ ಸಿಕ್ಕಿಕೊಂಡರು. ಅವರ ಮನೆಯವರ ಸಂಕಟ ಎಂಥದ್ದಿರಬೇಕು! ಆಮೇಲೆ ಅವರನ್ನು ಮೇಲೆ ತಂದರು.

ಆಗ ದಕ್ಷಿಣದ ಗ್ರಿಡ್ ಉತ್ತರದ ಜತೆ ಒಂದೇ ಮಿಡಿತದಲ್ಲಿ ಇರಲಿಲ್ಲ. ಹಾಗಾಗಿ ನಮ್ಮ ಕಡೆ ಆ ಕತ್ತಲು ಬರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರದ ನಡುವಿನ ಲೈನಿನಿಂದ ನಾವೂ ಸೇರಿಕೊಂಡೆವು. ಈಗ ಇಡೀ ದೇಶಕ್ಕೆ ಒಂದೇ ಮಿಡಿತ. ನಮಗೆ ಕಡಿಮೆ ಬಿದ್ದರೆ ದೂರದಿಂದ ಕರೆಂಟು ಬರುತ್ತದೆ. ಆದರೆ ಒಬ್ಬರ ತಪ್ಪು ಎಲ್ಲರಿಗೂ ತಟ್ಟಬಹುದು. ಅದಕ್ಕೇ ನಿಯಮ ಬಿಗಿಯಾಗಿರಬೇಕು.

ನಮ್ಮೂರಿನ ಮಾತು

ಆ ಸಂಜೆ ನಮ್ಮೂರಲ್ಲಿ ದೀಪ ಹೋದದ್ದು ಗ್ರಿಡ್‌ನಿಂದ ಅಲ್ಲ. ಊರ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಅದಕ್ಕೂ ಹೊರೆಯೇ ಕಾರಣ. ಸಣ್ಣ ಟ್ರಾನ್ಸ್‌ಫಾರ್ಮರ್, ಅದರ ಮೇಲೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು.

ನಾಲ್ಕು ದಿನ ಕಳೆಯಿತು. ಹೆಂಗಸರು ದೂರದ ಬಾವಿಯಿಂದ ನೀರು ಹೊತ್ತರು. ಕೇಳಿದಾಗಲೆಲ್ಲ "ನಾಳೆ ಬರ್ತೀವಿ" ಎಂಬ ಉತ್ತರ. ಬಾಯಿ ಮಾತಿಗೆ ಲೆಕ್ಕ ಎಲ್ಲಿ? ಆಗ ನಾವೆಲ್ಲ ಕೂತು ಒಂದು ಅರ್ಜಿ ಬರೆದೆವು.

"ಸಹಾಯಕ ಎಂಜಿನಿಯರ್ ಅವರಿಗೆ,
ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು 4 ದಿನ ಆಗಿದೆ. ಕುಡಿಯುವ ನೀರಿಗೆ ತೊಂದರೆ ಆಗಿದೆ. ಬೇಗ ಬದಲಿಸಿ ಕೊಡಿ. ಈ ಅರ್ಜಿಗೆ ನಂಬರು ಮತ್ತು ಸ್ವೀಕೃತಿ ಕೊಡಿ.
ಇಂತಿ, ಊರಿನ ಮಹಿಳೆಯರು."

ಹದಿನೇಳು ಜನ ಸಹಿ ಹಾಕಿದರು. ಅವರಲ್ಲಿ ಹನ್ನೊಂದು ಜನ ಹಿಂದಿನ ವರ್ಷ ಹೆಬ್ಬೆಟ್ಟು ಒತ್ತುತ್ತಿದ್ದವರು. ಮೂರನೇ ದಿನ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಆಮೇಲೆ ಊರವರು ಸೇರಿ ಪಂಪುಗಳಿಗೆ ಸರದಿ ಗೊತ್ತು ಮಾಡಿದರು. ಹೊರೆ ಹಂಚುವ ಕೆಲಸ ಬೆಂಗಳೂರಿನದು ಮಾತ್ರ ಅಲ್ಲ, ನಮ್ಮದೂ ಹೌದು.

ನೆನಪಿಡಿ

ಕರೆಂಟಿನ ದೂರಿಗೆ 1912ಕ್ಕೆ ಫೋನು ಮಾಡಿ. ಅವರು ಕೊಡುವ ದೂರಿನ ನಂಬರನ್ನು ದಿನ, ಗಂಟೆ ಸಹಿತ ಬರೆದಿಡಿ.

ಯಾವ ದೋಷವನ್ನು ಎಷ್ಟು ಗಂಟೆಯೊಳಗೆ ಸರಿ ಮಾಡಬೇಕು ಎಂದು ರಾಜ್ಯದ ಆಯೋಗ ಗೊತ್ತು ಮಾಡಿದೆ. ಆ ಪಟ್ಟಿಯನ್ನು ಕಚೇರಿಯಲ್ಲಿ ಕೇಳಿ, ಓದಿ. ಗೊತ್ತು ಮಾಡಿದ ಗಂಟೆ ಮೀರಿದರೆ ಪರಿಹಾರ ಕೇಳುವ ಹಕ್ಕು ಕಾಯ್ದೆಯಲ್ಲಿದೆ.

ಕಚೇರಿಯಲ್ಲಿ ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಬರೆಯಿರಿ. ಅಲ್ಲೂ ನ್ಯಾಯ ಸಿಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ.

ಹೊಸ ಪದಗಳು

ಗ್ರಿಡ್ – ಕರೆಂಟಿನ ದೊಡ್ಡ ತಂತಿಯ ಜಾಲ
ಆಯೋಗ – ನಿಯಮ ಮಾಡಿ, ನಡೆಸುವ ಸರಕಾರಿ ಮಂಡಳಿ
ಸ್ವೀಕೃತಿ – ಅರ್ಜಿ ತಲುಪಿತು ಎಂಬ ಬರಹ

ಉತ್ತರ ಹೇಳಿ

1. ಕರೆಂಟಿನ ಬಳಕೆ ಹೆಚ್ಚಿದರೆ ಯಂತ್ರದ ವೇಗ ಏನಾಗುತ್ತದೆ?
2. 2012ರ ಜುಲೈಯಲ್ಲಿ ಕತ್ತಲಾದದ್ದು ಏಕೆ?
3. ನಿಮ್ಮ ಊರಲ್ಲಿ ಪಂಪುಗಳಿಗೆ ಸರದಿ ಇದೆಯೇ? ಚರ್ಚೆ ಮಾಡಿ.

ಬರೆಯಿರಿ

ನಿಮ್ಮ ಬೀದಿಯ ಕರೆಂಟಿನ ತೊಂದರೆ ಏನು? ಒಂದು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.