ಊಟದ ಮಾತಿನಲ್ಲಿ ಅಜ್ಜಿಗೂ ಪಾಲಿರಲಿ

ಒಂದು ಮನೆಭೇಟಿಯಲ್ಲಿ ಸೊಸೆ ನಮ್ಮ ಬಳಿ ದೂರಿದರು: “ಸಿಸ್ಟರ್, ಅತ್ತೆಗೆ ಶ್ರವಣಯಂತ್ರ ತಂದುಕೊಟ್ಟಿದ್ದೇವೆ. ಹಾಕಿಕೊಳ್ಳುವುದೇ ಇಲ್ಲ. ಊಟಕ್ಕೂ ನಮ್ಮ ಜೊತೆ ಕೂರುವುದಿಲ್ಲ, ಬರೀ ಹಟ.” ನಾವೂ ಅಜ್ಜಿಗೆ ಬುದ್ಧಿ ಹೇಳಿ ಬಂದೆವು. ಅದು ನಮ್ಮ ತಪ್ಪು. ಮುಂದಿನ ಸಲ ಅಲ್ಲೇ ಊಟಕ್ಕೆ ಕೂತಾಗ ಗೊತ್ತಾಯ್ತು. ಸ್ಟೀಲ್ ತಟ್ಟೆಗಳ ಸದ್ದು, ಟಿ.ವಿ., ಕುಕ್ಕರಿನ ಸೀಟಿ, ಐದು ಮಂದಿಯ ಮಾತು, ಎಲ್ಲಾ ಒಟ್ಟಿಗೆ. ಅಜ್ಜಿ ಯಂತ್ರ ತೆಗೆದು ಹೇಳಿದರು: “ಇದ್ರಲ್ಲಿ ತಟ್ಟೆ ಮಾತಾಡೋದು ಕೇಳ್ತದೆ, ಮಕ್ಕಳು ಮಾತಾಡೋದು ಕೇಳೋದಿಲ್ಲ.”

ಕಾರಣವೇನು?

ವಯಸ್ಸಾದಂತೆ ಸಾಮಾನ್ಯವಾಗಿ ಸಣ್ಣ, ತೀಕ್ಷ್ಣ ದನಿಗಳು ಮೊದಲು ಮಸುಕಾಗುತ್ತವೆ. ‘ಸ’, ‘ಶ’, ‘ತ’ದಂಥ ಅಕ್ಷರಗಳು ಜಾರಿಹೋಗುತ್ತವೆ. ಮಾತು ಕೇಳಿಸುತ್ತದೆ, ಆದರೆ ಬಿಡಿಸಿ ತಿಳಿಯುವುದಿಲ್ಲ. ಈಗಿನ ಯಂತ್ರಗಳು ಗದ್ದಲವನ್ನು ಸ್ವಲ್ಪ ತಗ್ಗಿಸಿದರೂ ಪೂರ್ತಿ ಬೇರ್ಪಡಿಸಲಾರವು. ತುಟಿ ನೋಡೋಣವೆಂದರೆ ಬಾಯಲ್ಲಿ ತುತ್ತು! ಯಾರು ಮಾತಾಡಿದರೆಂದು ತಿರುಗುವಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ, ಶ್ರವಣದೋಷಕ್ಕೆ ನೆರವು ಬೇಕಾದವರು ಜಗತ್ತಿನಲ್ಲಿ ಸುಮಾರು 43 ಕೋಟಿ ಜನ. ಹಾಗಾಗಿ ಇದು ಒಬ್ಬ ಅಜ್ಜಿಯ ಹಟವಲ್ಲ.

ಸಾಧನ ಹೇಗಿರಬೇಕು?

1. ಗದ್ದಲ ತಗ್ಗಿಸಬೇಕು. ಹಳೇ ಹತ್ತಿ ಸೀರೆಯನ್ನು ಮೂರ್ನಾಲ್ಕು ಮಡಿಕೆ ಹೊಲಿದು ತಟ್ಟೆಯಡಿಗೆ ಹಾಸಬಹುದು, ಕುರ್ಚಿಯ ಕಾಲಿಗೆ ರಬ್ಬರ್ ಹಾಕಬಹುದು. ಇದನ್ನು ನಮ್ಮ ಸ್ವಸಹಾಯ ಸಂಘದ ಅಕ್ಕಂದಿರೇ ಮಾಡಬಲ್ಲರು.

2. ಮೈಕ್ ಮಾತಾಡುವವರ ಹತ್ತಿರವಿರಬೇಕು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಶ್ರವಣಯಂತ್ರಕ್ಕೆ ಜೋಡಿಸುವ ಪುಟ್ಟ ಮೈಕುಗಳ ಗುಟ್ಟು ಇದೇ. ಆದರೆ ನಾವು ಬಲಗೈಯಲ್ಲಿ ಉಣ್ಣುವವರು. ಎಡಗೈ ಒಂದರಿಂದಲೇ ಒತ್ತುವ ದೊಡ್ಡ ಗುಂಡಿ ಬೇಕು, ಸಾರು ಚೆಲ್ಲಿದರೂ ಕೆಡಬಾರದು.

3. ಮಾತು ಅಕ್ಷರವಾಗಿಯೂ ಕಾಣಬೇಕು. ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ ಆ್ಯಪ್ 2019ರಲ್ಲಿ ಬಂತು. ಕನ್ನಡವನ್ನೂ ಬರೆದು ತೋರಿಸುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಗೊಂದಲವಾಗುತ್ತದೆ, ಓದು ಬಾರದವರಿಗೆ ಉಪಯೋಗವಿಲ್ಲ.

ಮುಖ್ಯ ಮಾತು: ಸಾಧನವನ್ನು ಸದ್ದಿಲ್ಲದ ಕೋಣೆಯಲ್ಲಿ ಮಾತ್ರ ಪರೀಕ್ಷಿಸಿದರೆ ಸಾಲದು. ಬಳಸುವವರ ಪಕ್ಕದಲ್ಲಿ ಕೂತು, ಉಣ್ಣುತ್ತಾ ನೋಡಬೇಕು. ಕಿವಿಯ ಪರೀಕ್ಷೆಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಖರ್ಚಿಲ್ಲದ್ದೂ ಇದೆ

ಟಿ.ವಿ. ಆರಿಸಿ. ಎಲ್ಲರ ಮುಖ ಕಾಣುವ ಜಾಗವನ್ನು ಹಿರಿಯರಿಗೆ ಬಿಡಿ. ಬೆಳಕು ಮಾತಾಡುವವರ ಮುಖದ ಮೇಲಿರಲಿ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. “ಏನಂದ್ರಿ?” ಎಂದು ಕೇಳಿದರೆ “ಏನಿಲ್ಲ ಬಿಡಿ” ಅನ್ನಬೇಡಿ. ಆ ಒಂದು ಮಾತೇ ಅವರನ್ನು ಊಟದಿಂದ ಎಬ್ಬಿಸುತ್ತದೆ.

ಮೂರನೇ ಭೇಟಿಯಲ್ಲಿ ಅಜ್ಜಿ ಎಲ್ಲರ ಜೊತೆ ಕೂತಿದ್ದರು. ಎಲ್ಲಾ ಕೇಳಿಸಿತೆಂದಲ್ಲ. ಆದರೆ ಮೊಮ್ಮಗ ಹೇಳಿದ ಸುಳ್ಳೊಂದನ್ನು ಹಿಡಿದುಬಿಟ್ಟರು!

ಸಂಘದಲ್ಲಿ ಚರ್ಚಿಸಿ:
- ನಮ್ಮ ಮನೆಯಲ್ಲಿ ಒಬ್ಬರೇ ಉಣ್ಣುವವರು ಯಾರು? ಏಕೆ?
- ಈ ವಾರ ಅವರಿಗಾಗಿ ಯಾವ ಒಂದು ಸದ್ದನ್ನು ನಿಲ್ಲಿಸುತ್ತೇವೆ?