ಒಂದು ವರ್ಷದ ಸೇವೆಗೆ ಹೊರಟವರಿಗೆ

"ಓದು ಮುಗಿಯಿತು. ಕೆಲಸಕ್ಕೆ ಸೇರುವ ಮೊದಲು ಒಂದು ವರ್ಷ ಸೇವೆ ಮಾಡಿ ಬರುತ್ತೇನಮ್ಮ" ಎಂದು ಮಗನೋ ಮಗಳೋ ಹೇಳಿದರೆ ಮನೆಯಲ್ಲಿ ಗಾಬರಿ. ವರ್ಷ ವ್ಯರ್ಥವಾಗುವುದೆಂಬ ಚಿಂತೆ ತಂದೆಗೆ, ಊಟ ನಿದ್ದೆಯ ಚಿಂತೆ ತಾಯಿಗೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅಲ್ಲಿ ಇವರಿಂದ ಏನನ್ನು ನಿರೀಕ್ಷಿಸುತ್ತಾರೆ?

ಅಮೆರಿಕದ ಒಂದು ಉದಾಹರಣೆ ನೋಡೋಣ. 1956ರಲ್ಲಿ ಅಲಾಸ್ಕದ ಕಾಪರ್ ವ್ಯಾಲಿಯಲ್ಲಿ ಯೇಸುಸಭೆಯ ಗುರುಗಳೂ ಸಂತ ಅನ್ನಮ್ಮನವರ ಸಭೆಯ ಕನ್ಯಾಸ್ತ್ರೀಯರೂ ನಡೆಸುತ್ತಿದ್ದ ವಸತಿಶಾಲೆಗೆ ನೆರವಾಗಲು ಕೆಲವು ಯುವಜನರು ಬಂದರು. 'ಜೆಸ್ವಿಟ್ ವಾಲಂಟಿಯರ್ ಕೋರ್' ಎಂಬ ಸೇವಾಸಂಸ್ಥೆ ಬೆಳೆದದ್ದು ಹೀಗೆ. ಅದು ತನ್ನ ಸ್ವಯಂಸೇವಕರ ಮುಂದೆ ನಾಲ್ಕು ಮೌಲ್ಯಗಳನ್ನು ಇಡುತ್ತದೆ.

ಮೊದಲನೆಯದು ಸರಳ ಜೀವನ. ಸಂಬಳವಿಲ್ಲ, ವಸತಿ, ಊಟ, ಕೈಖರ್ಚಿಗೆ ಅಲ್ಪ ಹಣ ಮಾತ್ರ. ಮನೆಯಿಂದ ಗುಟ್ಟಾಗಿ ಹಣ ತರಿಸಿಕೊಂಡರೆ ಸರಳತೆ ಬರೀ ವೇಷವಾಗುತ್ತದೆ.

ಎರಡನೆಯದು ಸಹಬಾಳ್ವೆ. ಒಂದೇ ಮನೆಯಲ್ಲಿ ಹಲವರು. ಅಡುಗೆ, ಖರ್ಚು ಎಲ್ಲವನ್ನೂ ಹಂಚಿಕೊಳ್ಳಬೇಕು. ದೂರದ ಬಡವನನ್ನು ಪ್ರೀತಿಸುವುದು ಸುಲಭ. ಪಾತ್ರೆ ತೊಳೆಯದೆ ಮಲಗಿದ ಜತೆಗಾರನನ್ನು ಪ್ರೀತಿಸುವುದು ಕಷ್ಟ!

ಮೂರನೆಯದು ಆಧ್ಯಾತ್ಮಿಕತೆ. ದಿನದ ಕೊನೆಯಲ್ಲಿ ದೇವರಿಗೆ ವಂದಿಸಿ, ಎಲ್ಲಿ ಎಡವಿದೆ ಎಂದು ನೋಡಿಕೊಳ್ಳುವ ಆತ್ಮಶೋಧನೆಯನ್ನು ಸಂತ ಇಗ್ನೇಷಿಯಸರು ಕಲಿಸಿದ್ದಾರೆ. ಅದಿಲ್ಲದ ಸೇವೆ ಬೇಗನೆ ಬೇಸರಕ್ಕೆ ಇಳಿಯುತ್ತದೆ.

ನಾಲ್ಕನೆಯದು ಸಾಮಾಜಿಕ ನ್ಯಾಯ. ಹಸಿದವನಿಗೆ ಬಡಿಸಿದರೆ ಸಾಲದು. ಅವನೇಕೆ ಹಸಿದಿದ್ದಾನೆ ಎಂದೂ ಕೇಳಬೇಕು.

ಈ ನಾಲ್ಕಕ್ಕೂ ಬುನಾದಿ ಒಂದೇ: 'ನಾನು ಉದ್ಧಾರ ಮಾಡಲು ಬಂದವನಲ್ಲ, ಅತಿಥಿಯಾಗಿ ಬಂದವನು' ಎಂಬ ಅರಿವು. ಸಂತ ಲೂಕರ ಶುಭಸಂದೇಶದ 10ನೇ ಅಧ್ಯಾಯ ತೆರೆದು ನೋಡಿ. ಪ್ರಭು ಯೇಸು 72 ಮಂದಿಯನ್ನು ಹಣದ ಚೀಲವಿಲ್ಲದೆ ಕಳುಹಿಸುತ್ತಾರೆ. ಮನೆಯಿಂದ ಮನೆಗೆ ಅಲೆಯದೆ ಒಂದೇ ಕಡೆ ತಂಗಿ, ಬಡಿಸಿದ್ದನ್ನು ಉಣ್ಣಬೇಕೆಂದು ಹೇಳುತ್ತಾರೆ. ಬೋಧಿಸುವವನೂ ಆ ಮನೆಯ ಅನ್ನದ ಋಣಕ್ಕೆ ಒಳಗಾಗಬೇಕು.

ಈ ಅರಿವು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ದೇಶವೇ ಸಾಕ್ಷಿ. ಅಲ್ಲಿನ ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಂದ ಅವರ ಭಾಷೆ, ಆಚಾರಗಳನ್ನು ಕಿತ್ತುಕೊಳ್ಳಲಾಯಿತು. ಅನೇಕರು ಹಿಂಸೆಗೂ ಗುರಿಯಾದರು. 2022ರ ಜುಲೈನಲ್ಲಿ ಜಗದ್ಗುರು ಫ್ರಾನ್ಸಿಸರು ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂಬ ನಂಬಿಕೆಯೊಂದೇ ಯಾರನ್ನೂ ಕಾಪಾಡಲಿಲ್ಲ.

ಆದ್ದರಿಂದ ಪ್ರಿಯ ಯುವಜನರೇ, ಮೊದಲ ತಿಂಗಳು ಸಲಹೆ ಕೊಡಬೇಡಿ, ಕೇಳಿಸಿಕೊಳ್ಳಿ. ಜನರ ಮಾತನ್ನು ಕಲಿಯಿರಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಮಕ್ಕಳ ರಕ್ಷಣೆಗೆ ಅಲ್ಲಿ ಮಾಡಿರುವ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿ. ಬಿಟ್ಟುಹೋದವರನ್ನು ಆಗಲೇ ಎಷ್ಟೋ ಕಂಡ ಮಗುವಿಗೆ 'ಮತ್ತೆ ಬರುತ್ತೇನೆ' ಎಂದು ಸುಳ್ಳು ಭರವಸೆ ಕೊಡಬೇಡಿ. ಹೊರಡುವ ದಿನವನ್ನು ಮೊದಲೇ ತಿಳಿಸಿ, ಸರಿಯಾಗಿ ಬೀಳ್ಕೊಂಡು ಬನ್ನಿ.

ಹೆತ್ತವರೇ, ಕಳುಹಿಸುವ ಮುನ್ನ ವಿಚಾರಿಸಿ: ಕೆಲಸ ಯಾವುದು? ಜವಾಬ್ದಾರರು ಯಾರು? ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರು? ಎರಡನೇ ತಿಂಗಳಲ್ಲಿ ಮಗಳು ಫೋನಿನಲ್ಲಿ ಅತ್ತರೆ ಕೂಡಲೇ 'ಬಂದುಬಿಡು' ಎನ್ನಬೇಡಿ. 'ಸಹಿಸಿಕೋ' ಎಂದೂ ಹೇಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ದಣಿವಾಗಿದ್ದರೆ ಧೈರ್ಯ ಹೇಳಿ. ಅನ್ಯಾಯವಾಗಿದ್ದರೆ ಹೋಗಿ ಕರೆತನ್ನಿ. ಕೆಟ್ಟದ್ದನ್ನು ಬಾಯಿಮುಚ್ಚಿ ಸಹಿಸುವುದು ಸೇವೆಯಲ್ಲ.

ಈ ವಾರ ಮನೆಯ ಪ್ರಾರ್ಥನೆಯ ನಂತರ ಒಟ್ಟಿಗೆ ಕುಳಿತು ಯೋಚಿಸಿ:

1. ನಾವು ಸಹಾಯ ಮಾಡಿದವರಿಂದ ನಾವು ಕಲಿತದ್ದೇನು?

2. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಸೇವೆ ಯಾರೊಬ್ಬರ ಪಾಲಿಗಷ್ಟೇ ಬಿದ್ದಿದೆ?