ಕೋಲಾರದ ಚಿನ್ನ: ಬಿಸಿನೀರು ಕಟ್ಟಿದ ನಿಕ್ಷೇಪ

ಸ್ಥಳ ಮತ್ತು ಶಿಲೆ: ಕೋಲಾರ ಷಿಸ್ಟ್ ಪಟ್ಟಿ ಉತ್ತರ–ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಬ್ಬಿದೆ. ಆರ್ಕಿಯನ್ ಯುಗದ ಈ ಪಟ್ಟಿಯ ಶಿಲೆಗಳು ಸುಮಾರು 270 ಕೋಟಿ ವರ್ಷ ಹಳೆಯವು. ಮುಖ್ಯ ಶಿಲೆ ಆಂಫಿಬೊಲೈಟ್. ಇದು ರೂಪಾಂತರಗೊಂಡ ಲಾವಾ.

ಚಿನ್ನ ಸೇರಿದ ಬಗೆ: ಭೂಗರ್ಭದ ಆಳದಿಂದ ಮೇಲೇರಿದ ಬಿಸಿ ದ್ರವದಲ್ಲಿ ಚಿನ್ನವು ಗಂಧಕದೊಡನೆ ಕೂಡಿ ಕರಗಿತ್ತು. ದ್ರವ ಬಿರುಕುಗಳಿಗೆ ನುಗ್ಗಿದಾಗ ಒತ್ತಡ ಕುಸಿಯಿತು. ಶಿಲೆಯ ಕಬ್ಬಿಣ ಗಂಧಕವನ್ನು ಸೆಳೆದುಕೊಂಡಿತು. ಆಗ ಚಿನ್ನ ಬೇರ್ಪಟ್ಟು ಘನವಾಯಿತು. ಕಾರಣ–ಪರಿಣಾಮದ ಈ ಸರಣಿ ಅರ್ಥವಾದರೆ ಉಳಿದದ್ದು ಸುಲಭ.

ಎರಡು ಬಗೆಯ ಅದಿರು:
- ಬೆಣಚುಕಲ್ಲಿನ ಸಿರೆಗಳು: ಪ್ರಸಿದ್ಧ ಚಾಂಪಿಯನ್ ಸಿರೆ ಈ ಬಗೆಯದು. ಇದರಲ್ಲಿ ಚಿನ್ನ ಬಹುತೇಕ ಬಿಡಿಲೋಹವಾಗಿರುತ್ತದೆ.
- ಸಲ್ಫೈಡ್ (ಗಂಧಕಯುಕ್ತ) ಅದಿರು: ಪಟ್ಟಿಯ ಪಶ್ಚಿಮ ಭಾಗದಲ್ಲಿದೆ.

ಜೊತೆ ಖನಿಜಗಳು: ಕ್ಯಾಲ್ಸೈಟ್, ಪೈರೈಟ್, ಪಿರೋಟೈಟ್, ಆರ್ಸೆನೊಪೈರೈಟ್, ಟಂಗ್‌ಸ್ಟನ್ ಅದಿರಾದ ಷೀಲೈಟ್.

ನೆನಪಿಡಿ:
- ಕೋಲಾರದ ಗಣಿಯ ಆಳ: 3 ಕಿ.ಮೀ.ಗೂ ಹೆಚ್ಚು.
- ಶಿವನಸಮುದ್ರದ ಜಲವಿದ್ಯುತ್ ಈ ಗಣಿಗೆ ತಲುಪಿದ್ದು: 1902.
- ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಇಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು: 2001.
- ಕರ್ನಾಟಕದಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿರುವ ಗಣಿ: ಹಟ್ಟಿ, ರಾಯಚೂರು ಜಿಲ್ಲೆ.

ಗೊಂದಲ ಬೇಡ: ಪೈರೈಟ್ ಚಿನ್ನದಂತೆ ಹೊಳೆದರೂ ಅದು ಕಬ್ಬಿಣದ ಸಲ್ಫೈಡ್. ಉಜ್ಜಿದಾಗ ಪೈರೈಟ್ ಹಸಿರುಗಪ್ಪು ಗೆರೆ ಬಿಡುತ್ತದೆ. ಚಿನ್ನದ ಗೆರೆ ಹಳದಿ.